ಹಳೇ ಸಿಟ್ಟಿದ್ರ ಕೊಡ್ರಿ

ನಮ್ಮ ಹಾಡು ಕೇಳಿದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಸ್ಪೀಕರ್ ಹರದೈತೇನ್ರಿ?" ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆದರೆ ಉರಿದುಕೊಳ್ಳುವ ಹಕ್ಕು ನನಗಿಲ್ಲ, ಯಾಕೆಂದರೆ ಆ ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿ ಮೊಟ್ಟಮೊದಲು ಕೇಳಿದವಳು ನಾನೇ.

ಗಂಗಾವತಿಯಲ್ಲಿ ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ. ಗದ್ದೆಯ ಪಂಪ್‌ಸೆಟ್ಟು, ರೈಸ್ ಮಿಲ್ಲಿನ ಮೋಟಾರು, ಸುಟ್ಟದ್ದೆಲ್ಲ ನಮ್ಮ ಅಂಗಳಕ್ಕೆ ಬಂದು ಬೀಳುತ್ತದೆ. ಒಳಗಿನ ಸುಟ್ಟ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸಿ ಕಳಿಸುವುದು ನಮ್ಮ ಕೆಲಸ. ಅಪ್ಪ ಇದನ್ನು ಮುನಿರಾಬಾದಿನ ಒಂದು ವರ್ಕ್‌ಶಾಪಿನಲ್ಲಿ ಕಲಿತ, ನಾನು ಅಪ್ಪನ ಪಕ್ಕ ಕೂತು ಕಲಿತೆ. ಹೆಣ್ಣುಮಗಳು ಮೋಟಾರು ಬಿಚ್ಚುವುದನ್ನು ನೋಡಲು ಮೊದಮೊದಲು ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಂದಿಬ್ಬರ ಮೇಲೆ ಹರಿಹಾಯ್ದ ಮೇಲೆ ನಿಲ್ಲುವುದನ್ನು ಬಿಟ್ಟರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ನಮ್ಮವ್ವನ ಕಡೆಯಿಂದ ಬಂದ ಆಸ್ತಿ ಎಂದು ಅಪ್ಪ ಹೇಳುತ್ತಾನೆ.

ಕೆಲವು ವರ್ಷಗಳ ಹಿಂದೆ ಸಾಣಾಪುರದ ಕೆರೆಯ ಹತ್ತಿರ ಒಂದು ಗೆಸ್ಟ್ ಹೌಸಿನ ಬೋರ್‌ವೆಲ್ ಮೋಟಾರು ಕೆಟ್ಟಿತ್ತು. ಅದನ್ನು ನೋಡಲು ಹೋಗಿದ್ದೆ. ಊಟದ ಚಪ್ಪರದ ಕೆಳಗೆ ಒಂದು ಸ್ಪೀಕರು ಗೊರಗೊರ ಅನ್ನುತ್ತಿತ್ತು. ನಡುನಡುವೆ ಯಾರೋ ಹೆಂಗಸು ಸಂತೆಯಲ್ಲಿ ಜಗಳ ಆಡುವ ದನಿಯಲ್ಲಿ ಏನೋ ಒದರುತ್ತಿದ್ದಳು. ನಾನು ಸುಮ್ಮನಿರಬೇಕಲ್ಲ, ಸ್ಕ್ರೂ ಡ್ರೈವರ್ ಹಿಡಿದು ಹೋದೆ. "ಸ್ಪೀಕರ್ ಹರದೈತೇನ್ರಿ? ಹತ್ತು ನಿಮಿಷ ಕೊಡ್ರಿ, ಒಳಗಿನ ಕಾಗದ ಅಂಟಿಸಿ ಕೊಡ್ತೀನಿ" ಎಂದೆ. ಅಲ್ಲಿ ಕೂತಿದ್ದ ಬೋಳುತಲೆಯ ಪರದೇಶಿ ಹೆಂಗಸು ನನ್ನ ಕೈ ಹಿಡಿದು ನಗತೊಡಗಿದಳು. ಸ್ಪೀಕರಿಗೆ ಏನೂ ಆಗಿಲ್ಲ, ಹಾಡೇ ಹಾಗಿದೆ ಎಂದು ಸನ್ನೆಯಲ್ಲೂ ಮಾತಿನಲ್ಲೂ ತಿಳಿಸಿ ಹೇಳಿ, ಕೂಡ್ರಿಸಿ, ಮೊದಲಿನಿಂದ ಹಚ್ಚಿದಳು.

ಕಾರ್ಖಾನೆಗಳು ಮುಚ್ಚಿಹೋದ ಯಾವುದೋ ಥಂಡಿ ಊರಿನಲ್ಲಿ, ನಾನು ಹುಟ್ಟುವ ಮೊದಲೇ, ಇಬ್ಬರು ಸೇರಿ ಮಾಡಿದ ಹಾಡಂತೆ ಅದು. ಗಿಟಾರಿಲ್ಲ. ಅಗ್ಗದ ಒಂದು ಕೀಬೋರ್ಡು, ಡ್ರಮ್ ಬಾರಿಸುವ ಒಂದು ಮೆಷಿನ್ನು, ಒಂದು ಬಾಯಿ. ಹಾಡಲು ಬರದವರು ಹಾಡಿದರು, ಬಾರಿಸಲು ಬರದವರು ಬಾರಿಸಿದರು. ಮನೆಯಲ್ಲೇ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ತುಂಬಿ ಕೈಯಿಂದ ಕೈಗೆ ದಾಟಿಸಿದರು. ಈಗ ಮತ್ತೆ ಎಲ್ಲೆಲ್ಲಿಯದೋ ಹುಡುಗ ಹುಡುಗಿಯರು ತಮ್ಮ ಕೋಣೆಗಳಲ್ಲಿ ಕೂತು ಅಂಥದ್ದನ್ನೇ ಮಾಡುತ್ತಿದ್ದಾರಂತೆ. ಸಿಂಥ್ ಪಂಕ್, ಪೋಸ್ಟ್ ಪಂಕ್ ಎಂದು ಆಕೆ ಒಂದು ಚೀಟಿಯಲ್ಲಿ ಬರೆದು ಕೊಟ್ಟಳು. ಹೆಸರು ತಗೊಂಡು ನಾನೇನು ಮಾಡಲಿ? ನನ್ನನ್ನು ಹಿಡಿದದ್ದು ಸದ್ದು. ಲೋಡ್ ಹೆಚ್ಚಾದ ಮೋಟಾರಿನ ನರಳಾಟ, ಬೇರಿಂಗ್ ತಿನ್ನುವ ಕರಕರ, ರಿಲೇ ಬಡಿಯುವ ಕಟಕಟ, ಎಲ್ಲ ಅದರಲ್ಲಿ ಇತ್ತು. ದಿನವೂ ನಾವು ಕೆಟ್ಟಿದೆ ಎಂದು ಬಿಚ್ಚಿ ಸುಮ್ಮನಾಗಿಸುವ ಸದ್ದುಗಳನ್ನು ಯಾರೋ ರಿಪೇರಿ ಮಾಡದೆ ಹಾಡು ಎಂದು ಕರೆದಿದ್ದರು. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಖುಷಿಗೆ ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ತಂತಿ ಸುತ್ತತೊಡಗಿದೆ. ವೈಂಡಿಂಗ್ ಅಂದರೆ ಎಣಿಕೆಯ ಕೆಲಸ, ಒಂದೊಂದು ಕಾಯಿಲಿಗೆ, ಅಂದರೆ ತಂತಿಯ ಸುರುಳಿಗೆ, ಇಷ್ಟೇ ಸುತ್ತು ಎಂದು ಲೆಕ್ಕ. ಹಾಡಿನ ತಾಳ ಎಣಿಸುತ್ತಾ ಸುತ್ತಿನ ಎಣಿಕೆ ತಪ್ಪಿತು. ನಾನು ಸುತ್ತಿದ ಒಂದು ಮೋಟಾರು ಮೂರೇ ದಿನಕ್ಕೆ ಹೊಗೆಯಾಡಿ ವಾಪಸ್ ಬಂತು. ಅಪ್ಪ ಅದನ್ನು ಬಿಚ್ಚಿ, ಸುಟ್ಟ ಕಾಯಿಲನ್ನು ನನ್ನ ಊಟದ ತಾಟಿನ ಪಕ್ಕ ತಂದಿಟ್ಟ.

"ಇದೂ ಹಾಡ ಏನು?" ಎಂದ.

ತಪ್ಪು ನನ್ನದಿತ್ತು. ಆದರೆ ಆ ದಿನವೇ ನಿರ್ಧಾರ ಮಾಡಿದೆ: ಇನ್ನು ಮೇಲೆ ಕೇಳುತ್ತಾ ಕೂಡುವುದಿಲ್ಲ, ಮಾಡುತ್ತೇನೆ. ಹಳೆಯ ಬೋರ್ಡುಗಳಿಂದ ಬಿಡಿಭಾಗ ಕಿತ್ತೆ, ಬಾಕಿಯದ್ದನ್ನು ಹುಬ್ಬಳ್ಳಿಯಿಂದ ತರಿಸಿದೆ, ಮಕ್ಕಳ ಆಟದ ಒಂದು ಕೀಬೋರ್ಡನ್ನು ಸೀಳಿದೆ. ಎಂಟು ತಿಂಗಳ ಮೇಲೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ಒಂದು ಸಿಂಥ್ ಪೆಟ್ಟಿಗೆ ತಯಾರಾಯಿತು. ಗುಂಡಿ ತಿರುಗಿಸಿದರೆ ದನಿ ಏರುತ್ತದೆ, ಇಳಿಯುತ್ತದೆ, ಒಡೆಯುತ್ತದೆ. ಪಕ್ಕದ ಬಟನ್ ಒತ್ತಿದರೆ ಡ್ರಮ್ಮಿನ ತಾಳ ತಾನೇ ಬಡಿಯುತ್ತದೆ. ಹೊರಗಿನ ಕಟ್ಟಿಗೆಯ ಕವಚವನ್ನು ಕಿನ್ನಾಳದ ಒಬ್ಬ ಕುಶಲಕರ್ಮಿ ಮಾಡಿ ಕೆಂಪು ಹಸಿರು ಬಣ್ಣ ಬಳಿದು ಕೊಟ್ಟರು. ಒಂದೇ ಐಬು: ಬಿಸಿಯಾದರೆ ಶ್ರುತಿ ಜಾರುತ್ತಿತ್ತು. ಅಪ್ಪ ಅದನ್ನು ಎತ್ತಿ ನೋಡಿ, "ಛಲೋ ಐತಿ ಆಟಿಕಿ" ಎಂದು ಕೆಳಗಿಟ್ಟ. ಆಟಿಕೆ ಎಂಬ ಆ ಮಾತನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಪೆಟ್ಟಿಗೆ ಆಯಿತು, ಬಾಯಿ ಬೇಕಿತ್ತು. ನನ್ನದು ಬೈಯಲು ಮಾತ್ರ ಆಗುವ ಬಾಯಿ. ಊರಲ್ಲಿ ಹಾಡುವವರು ಎಲ್ಲರೂ ಚಂದ ಹಾಡುತ್ತಿದ್ದರು, ಅದೇ ತೊಂದರೆ. ಒಂದು ದಿನ ಬೆಳಿಗ್ಗೆ ಕಾಯಿಲು ಸುತ್ತುತ್ತಿರುವಾಗ ಓಣಿಯಲ್ಲಿ ಈರುಳ್ಳಿ ಮಾರುವ ಉಳ್ಳಾಗಡ್ಡಿ ಆಟೋ ಬಂತು. ಅದರ ಮೈಕಿನಲ್ಲಿ ರೆಕಾರ್ಡ್ ಮಾಡಿದ ಹೆಂಗಸಿನ ದನಿ: "ಉಳ್ಳಾಗಡ್ಡಿ, ಉಳ್ಳಾಗಡ್ಡಿ, ಛಲೋ ಉಳ್ಳಾಗಡ್ಡಿ, ಬರ್ರಿ, ನೋಡ್ರಿ, ತಗೋರಿ." ಏರಿಲ್ಲ, ಇಳಿವಿಲ್ಲ, ನಗುವಿಲ್ಲ, ಬೇಡಿಕೆಯೂ ಇಲ್ಲ. ತಗೊಂಡರೆ ತಗೊಳ್ಳಿ, ಬಿಟ್ಟರೆ ಬಿಡಿ. ಕೈಯಲ್ಲಿದ್ದ ತಂತಿ ಸಮೇತ ನಾನು ಆಟೋದ ಹಿಂದೆ ಓಡಿದೆ.

"ಎಷ್ಟ್ ಕೆಜಿರಿ ಅಕ್ಕಾರ?" ಎಂದ ಗಾಡಿಯವನು.

"ಉಳ್ಳಾಗಡ್ಡಿ ಬ್ಯಾಡೋ. ಆ ದನಿ ಯಾರದು?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುಷ್ಟಗಿಯಲ್ಲಿ ಒಬ್ಬಾಕೆ ರೆಕಾರ್ಡ್ ಮಾಡಿ ಕೊಡುತ್ತಾಳೆ ಎಂದ. ಮರುದಿನವೇ ಕುಷ್ಟಗಿ ಬಸ್ಸು ಹತ್ತಿದೆ.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಟೇಲರಿಂಗ್ ಅಂಗಡಿ, ಒಳಗೆ ನಲವತ್ತರ ಹತ್ತಿರದ ಒಬ್ಬ ಮುಸ್ಲಿಂ ಹೆಂಗಸು. ಗಂಡ ಆಟೋದಲ್ಲಿ ಊರೂರು ತಿರುಗಿ ಸಾಮಾನು ಮಾರುವವನು. ಒಮ್ಮೆ ಅವನ ಗಂಟಲು ಕೂತಾಗ ಈಕೆ ಮೊಬೈಲಿನಲ್ಲಿ ಕೂಗಿ ಕೊಟ್ಟಳಂತೆ. ವ್ಯಾಪಾರ ಛಲೋ ಆಯಿತು, ಉಳಿದ ಗಾಡಿಯವರೂ ಬಂದರು. ಹೊಲಿಗೆ ಮೆಷಿನ್ ನಿಲ್ಲಿಸಿ, ಒಂದು ಗ್ಲಾಸ್ ನೀರು ಕುಡಿದು, ಒಂದೇ ಉಸಿರಿಗೆ ಹೇಳಿ ಮತ್ತೆ ಮೆಷಿನ್ ತುಳಿಯುತ್ತಾಳೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆ ಉಳ್ಳಾಗಡ್ಡಿ, ಚಾಪೆ, ಪ್ಲಾಸ್ಟಿಕ್ ಬಕೀಟು, ಹಳೇ ಕಬ್ಬಿಣ, ಎಲ್ಲವೂ ಈಕೆಯ ದನಿಯಲ್ಲೇ ತಿರುಗುತ್ತಿದ್ದವು. ಅವರಲ್ಲಿ ಅಕ್ಕನನ್ನು ಕರೆಯುವಂತೆ ನಾನು ಆಕೆಯನ್ನು ಆಪಾ ಎಂದು ಕರೆದೆ, ಇಂದಿಗೂ ಹಾಗೇ ಕರೆಯುತ್ತೇನೆ.

"ಹಾಡಾಕ ಬರಂಗಿಲ್ಲ ತಂಗಿ ನನಗ" ಎಂದಳು ಆಪಾ.

"ಹಾಡೋರು ಬೇಕಾಗಿಲ್ರಿ ಆಪಾ. ನೀವು ಕಬ್ಬಿಣದ್ದು ಹೇಳ್ತೀರಲ್ಲ, ಅದನ್ನ ಹೇಳ್ರಿ ಸಾಕು."

ಫೋನಿನಲ್ಲಿ ಒಂದು ಹಾಡು ಹಚ್ಚಿ ಕೇಳಿಸಿದೆ. ಆಪಾ ದಾರ ಕಡಿಯುತ್ತಾ ಪೂರ್ತಿ ಕೇಳಿದಳು. ಸ್ಪೀಕರ್ ಹರದೈತೇನು ಎಂದು ಕೇಳಲಿಲ್ಲ. "ಈಕಿಗೆ ಯಾರ ಮ್ಯಾಲ ಇಷ್ಟ್ ಸಿಟ್ಟು?" ಎಂದಳು. ಅಷ್ಟಕ್ಕೇ ನಾನು ಗೆದ್ದೆ ಅಂದುಕೊಂಡೆ.

ಅಮಾವಾಸ್ಯೆಗೆ ನಮ್ಮ ಕಡೆ ವರ್ಕ್‌ಶಾಪುಗಳಿಗೆ ರಜೆ. ಆ ದಿನ ಗಂಡನ ಆಟೋದಲ್ಲಿ ಆಪಾ ನಮ್ಮ ಅಂಗಡಿಗೆ ಬರುತ್ತಿದ್ದಳು, ಮಧ್ಯಾಹ್ನವಿಡೀ ತಾಲೀಮು. ಹಳೇ ಕಬ್ಬಿಣದ ಕೂಗನ್ನೇ ಹಾಡು ಮಾಡಿದೆವು. "ಹಳೇ ಕಬ್ಬಿಣ ಕೊಡ್ರಿ, ಹಳೇ ತಗಡು ಕೊಡ್ರಿ, ಸುಟ್ಟ ಮೋಟಾರ್ ಕೊಡ್ರಿ" ಎಂದು ಶುರು. ಒಂದು ಅಮಾವಾಸ್ಯೆ ಆಪಾ ತಾನಾಗಿ ಒಂದು ಸಾಲು ಸೇರಿಸಿದಳು: "ಹಳೇ ಸಿಟ್ಟಿದ್ರ ಕೊಡ್ರಿ, ಮನ್ಯಾಗಿಟ್ಟು ತುಕ್ಕು ಹಿಡಸಬ್ಯಾಡ್ರಿ, ತೂಕಕ್ಕ ತಗೋತೀವಿ." ಅದನ್ನೂ ಉಳ್ಳಾಗಡ್ಡಿಯ ದನಿಯಲ್ಲೇ ಹೇಳಿದಳು. ಇಂಥ ಮಾತು ಎಲ್ಲಿತ್ತು ಎಂದು ಕೇಳಿದರೆ, "ಹೊಲಿಯಾಕ ಕುಂತ್ರ ಬರ್ತಾವ" ಎಂದಳು, ಅಷ್ಟೇ.

ನಮ್ಮ ಅಂಗಡಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ನಮ್ಮ ಆಂಪ್ಲಿಫೈಯರ್ ಹಚ್ಚಿದ ಕೂಡಲೇ ಸ್ಪೀಕರಿನಿಂದ ಸಣ್ಣಗೆ ಗುಂಯ್ ಎಂಬ ಸದ್ದು ಬರುತ್ತಿತ್ತು. ಕಟ್ಟಡದ ಅರ್ಥಿಂಗ್, ಕರೆಂಟನ್ನು ನೆಲಕ್ಕಿಳಿಸುವ ತಂತಿ, ಸರಿಯಿಲ್ಲದಾಗ ಬರುವ ಸದ್ದು ಅದು. ಸೆಕೆಂಡಿಗೆ ಐವತ್ತು ಸಲ ಕುಣಿಯುವ ಲೈನಿನ ಕರೆಂಟು ಸ್ಪೀಕರಿನಲ್ಲಿ ಇಣುಕಿದರೆ ಹಾಗಾಗುತ್ತದೆ. ನಾನು ಅದನ್ನು ಸರಿ ಮಾಡಲು ಹೋಗಲಿಲ್ಲ. ಬಿಸಿಗೆ ಜಾರುವ ನನ್ನ ಪೆಟ್ಟಿಗೆಯನ್ನು ಪ್ರತಿ ಹಾಡಿಗೂ ಮೊದಲು ಆ ಗುಂಯ್‌ಗೆ ಸರಿಹೊಂದಿಸಿಕೊಳ್ಳುತ್ತಿದ್ದೆ, ಹಾರ್ಮೋನಿಯಂನ ಬಿಳಿ ಐದರ ಹತ್ತಿರದ ಸ್ವರ. ಆಪಾ ಶುರು ಮಾಡುವ ಮೊದಲು ಒಂದು ಕಿವಿ ಸ್ಪೀಕರಿನ ಕಡೆ ವಾಲಿಸುತ್ತಿದ್ದಳು. ಡ್ರಮ್ಮಿಗೆ ಕಾಯುತ್ತಿದ್ದಾಳೆ ಎಂದುಕೊಂಡಿದ್ದೆ. ಅದು ನನ್ನ ದಡ್ಡತನ.

ಮಂದಿಯ ಮುಂದೆ ಹೋಗುವ ಪ್ರಯತ್ನ ಎರಡು ಸಲ ಮಾಡಿದೆವು. ಯಲಬುರ್ಗಾದಲ್ಲಿ ಒಂದು ಮೊಬೈಲ್ ಅಂಗಡಿಯ ಉದ್ಘಾಟನೆಗೆ ಕರೆದರು. ಡ್ರಮ್ ಶುರುವಾಗಿ ಆಪಾ ಬಾಯಿ ತೆರೆಯುವ ಮೊದಲೇ ಮಾಲೀಕ ಓಡಿ ಬಂದು ಸ್ವಿಚ್ ತೆಗೆದ, ಸಿಸ್ಟಂ ಕೆಟ್ಟಿದೆ ಎಂದು. ಹಾಡೇ ಹಾಗೆ ಎಂದು ಹೇಳಿದ್ದಕ್ಕೆ, "ಹಂಗಾದ್ರ ಹಾಡು ಕೆಟ್ಟೈತಿ" ಎಂದ. ಕೊಪ್ಪಳದಲ್ಲಿ ಒಬ್ಬ ಆರ್ಕೆಸ್ಟ್ರಾದವನು ಫೋನಿನಲ್ಲಿ ಅರ್ಧ ನಿಮಿಷ ಕೇಳಿ, "ಹೆಣ್ಮಕ್ಕಳು ಇದ್ದೀರಿ, ಯಾವುದಾರ ಛಲೋ ಭಾವಗೀತೆ ಹಾಡ್ರಲ್ಲ" ಎಂದು ಬುದ್ಧಿ ಹೇಳಿದ. ಅವನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆಟೋದಲ್ಲಿ ವಾಪಸ್ ಬರುವಾಗ ಆಪಾ ಹೊಟ್ಟೆ ಹಿಡಿದು ನಕ್ಕಳು, ನನಗೆ ಮಾತ್ರ ಊಟ ಸೇರಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಆಪಾಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಕೊಪ್ಪಳದಲ್ಲಿ ಸ್ಕ್ಯಾನ್ ಮಾಡಿಸಿದರು, ಹುಬ್ಬಳ್ಳಿಗೆ ಕಳಿಸಿದರು. ಥೈರಾಯ್ಡ್ ಗಂಟು, ತೆಗೆಯಲೇಬೇಕು ಎಂದರು ಡಾಕ್ಟರು. ದನಿಯ ನರ ಅದರ ಪಕ್ಕದಲ್ಲೇ ಹಾದಿದೆ, ಜೀವಕ್ಕೇನೂ ಆಗುವುದಿಲ್ಲ, ದನಿ ಮಾತ್ರ ಹೇಗೆ ಉಳಿಯುತ್ತದೋ ಹೇಳಲಾಗದು ಎಂದರು. ದಸರೆ ಮುಗಿದ ಮರುವಾರಕ್ಕೆ ಆಪರೇಷನ್ನಿನ ದಿನ ಗೊತ್ತಾಯಿತು.

ನಾನು ಆಪಾಳನ್ನು ಕುಷ್ಟಗಿಯಲ್ಲಿ ನೋಡಲು ಹೋದಾಗ ಆಕೆ ಒಂದು ಕುಬುಸಕ್ಕೆ ಗುಂಡಿ ಹಚ್ಚುತ್ತಿದ್ದಳು. ಅಷ್ಟರೊಳಗೆ ಹಾಡನ್ನು ರೆಕಾರ್ಡ್ ಮಾಡಿ ಇಟ್ಟುಬಿಡೋಣ ಎಂದೆ. ಆಕೆ ಸೂಜಿ ಬಟ್ಟೆಗೆ ಚುಚ್ಚಿಟ್ಟಳು.

"ಬರೇ ರೆಕಾರ್ಡ್ ಆಗೂದ್ರಾಗ ಹೋತು ತಂಗಿ ನನ್ನ ಬಾಳೇವು. ನನ್ನ ದನಿ ನಾಕೂ ತಾಲೂಕಿನ ಓಣಿ ಓಣ್ಯಾಗ ತಿರುಗೈತಿ, ನಾ ತಿರುಗಿಲ್ಲ. ಗಾಡಿ ಬಂದ್ರ ಮಂದಿ ಉಳ್ಳಾಗಡ್ಡಿ ನೋಡ್ತಾರ, ತಕ್ಕಡಿ ನೋಡ್ತಾರ. ಒಂದ್ ಸಲ, ಒಂದ ಸಲ, ಈ ದನಿ ಈಕಿದು ಅಂತ ನಾಕ್ ಮಂದಿ ನನ್ನ ಮುಖಾ ನೋಡಬೇಕು. ಆಮ್ಯಾಲ ಡಾಕ್ಟರು ಏನಾರ ಕೊಯ್ಯಲಿ."

ಯಾವ ಸಭಾಂಗಣವೂ ನಮ್ಮನ್ನು ಕರೆಯುವುದಿಲ್ಲ ಎಂಬುದು ಗೊತ್ತಾಗಿತ್ತು. ಹಾಗಾದರೆ ಮಂದಿ ತಾವಾಗಿ ಬರುವ ಜಾಗ ಬೇಕು. ನಮ್ಮ ಅಂಗಳಕ್ಕೆ ವರ್ಷಕ್ಕೊಮ್ಮೆ ಮಂದಿ ತಾವಾಗಿ ಬರುತ್ತಾರೆ, ದಸರೆಯ ಆಯುಧಪೂಜೆಗೆ, ನಮ್ಮ ಕಡೆಯ ಖಂಡೇಪೂಜೆಯ ದಿನ. ನಮ್ಮಲ್ಲಿ ಮೋಟಾರು ಮಾಡಿಸಿದ ರೈತರು, ಮಿಲ್ಲಿನವರು, ಓಣಿಯವರು ಬಂದು ಪ್ರಸಾದ ತಗೊಂಡು ಹೋಗುತ್ತಾರೆ. ಅಪ್ಪನಿಗೆ ಹೇಳಿದೆ. ಅವನು ಕನ್ನಡಕ ತೆಗೆದ.

"ಖಂಡೇಪೂಜಿ ದಿನಾ ನಮ್ಮಲ್ಲಿ ಪಕ್ಕಡ, ಸ್ಕ್ರೂ ಡ್ರೈವರ್ ಸೈತ ಮುಟ್ಟಂಗಿಲ್ಲ. ಹತಾರಕ್ಕ ಅವತ್ತು ವಿಶ್ರಾಂತಿ. ನಲವತ್ತು ವರ್ಷ ಆತು, ಒಂದ್ ಸ್ವಿಚ್ ಒತ್ತಿಲ್ಲ ನಾ."

"ನನ್ನ ಪೆಟಿಗಿ ಹತಾರ ಅಲ್ಲ ಅಪ್ಪಾ. ಆಟಿಕಿ ಅಂತ ನೀನ ಅಂದಿ. ಆಟಿಕಿ ಆಡಾಕ ಏನ್ ಅಡ್ಡಿ?"

"ಬಾಯಿ ಮಾತ್ರ ಭಾಳ ಐತಿ" ಎಂದು ಅಪ್ಪ ಕನ್ನಡಕ ಹಾಕಿಕೊಂಡ. ನಮ್ಮ ಮನೆಯಲ್ಲಿ ಹೂಂ ಅನ್ನುವುದು ಹೀಗೆ.

ಪೂಜೆಗೆ ಎರಡು ದಿನ ಮೊದಲು ಅಂಗಡಿ ತೊಳೆಯುವುದು ವಾಡಿಕೆ. ನಾನು ಮೋಟಾರುಗಳ ಜಿಡ್ಡು ತಿಕ್ಕುತ್ತಿದ್ದೆ. ಅಪ್ಪ ಹಿತ್ತಲಲ್ಲಿ ಕೂತು ಹಳೆಯ ಅರ್ಥಿಂಗ್ ಗುಂಡಿಯನ್ನು ಅಗೆದ. ಉಪ್ಪು, ಇದ್ದಿಲು ಸುರಿದು, ಹೊಸ ತಂತಿ ಎಳೆದು, ಮೇಲೆ ನಾಲ್ಕು ಕೊಡ ನೀರು ಹೊಯ್ದ. ಯಾಕೆ ಈಗ ಇದೆಲ್ಲ ಎಂದು ಕೇಳಿದೆ. "ಮಂದಿ ಬರ್ತಾರ, ಅಂಗಳ ಹಸಿ ಇರತೈತಿ. ಆ ಹೆಣ್ಮಗಳು ಕೈಯಾಗ ಮೈಕ್ ಹಿಡಿತಾಳ. ಕರೆಂಟ್ ಹೊಡಿಬಾರದು" ಎಂದ. ನನ್ನ ಹಾಡನ್ನು ಗದ್ದಲ ಎಂದು ಬೈಯುವ ಮನುಷ್ಯ ನನ್ನ ಹಾಡುಗಾರ್ತಿಗೆಂದು ಬಿಸಿಲಲ್ಲಿ ಗುಂಡಿ ಅಗೆದಿದ್ದ. ಅದನ್ನು ನೋಡಿ ನನಗೆ ಅಂತಃಕರಣ ಬಂತು, ಬೇರೆ ಏನೂ ಹೊಳೆಯಲಿಲ್ಲ.

ಆ ದಿನ ಬಾಗಿಲಿಗೆ ಬಾಳೆಕಂಬ ಕಟ್ಟಿದೆವು. ತೊಳೆದ ಮೋಟಾರುಗಳನ್ನು ಸಾಲಾಗಿ ನಿಲ್ಲಿಸಿ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಹಾಕಿದೆವು. ಸಾಲಿನ ಕೊನೆಗೆ, ಟೆಸ್ಟ್ ಬೆಂಚಿನ ಮೇಲೆ, ಅಪ್ಪ ಅದೇ ವಾರ ಸುತ್ತಿದ ಐದು ಎಚ್‌ಪಿ ಮೋಟಾರು ಇತ್ತು. ಆಪಾ ಹಸಿರು ಸೀರೆ ಉಟ್ಟು ಬಂದಳು. ಗಂಡ ತನ್ನ ಆಟೋಕ್ಕೂ ಹಾರ ಹಾಕಿಕೊಂಡು ಬಂದಿದ್ದ. ಕಾಯಿ ಒಡೆದು, ಚುರುಮುರಿ ಬಾಳೆಹಣ್ಣು ಹಂಚಿದ ಮೇಲೆ ಮೂವತ್ತು ನಲವತ್ತು ಜನ ಅಂಗಳದಲ್ಲಿ ಕೂತರು. ಆಪಾ ಚಪ್ಪಲಿ ಬಿಟ್ಟು ಟೆಸ್ಟ್ ಬೆಂಚಿನ ಪಕ್ಕದ ಮೈಕಿನ ಮುಂದೆ ನಿಂತಳು.

ಆಂಪ್ಲಿಫೈಯರ್ ಹಚ್ಚಿದೆ. ಸದ್ದೇ ಇಲ್ಲ. ಅಪ್ಪನ ಅರ್ಥಿಂಗ್ ಅಷ್ಟು ಚೊಕ್ಕ. ಪೆಟ್ಟಿಗೆ ಸರಿಹೊಂದಿಸುವುದನ್ನೂ ಮರೆತು, ಖುಷಿಯಿಂದಲೇ ಡ್ರಮ್ ಶುರು ಮಾಡಿದೆ. ಆಪಾ ಬರಬೇಕಾದ ಜಾಗ ಬಂತು, ದಾಟಿತು. ಅವಳು ಕಿವಿ ವಾಲಿಸಿ ನಿಂತೇ ಇದ್ದಳು. ಎರಡನೇ ಸಲವೂ ದಾಟಿತು. ಮುಂದೆ ಕೂತವರಲ್ಲಿ ಒಬ್ಬ, "ಸಿಸ್ಟಮ್ ಕೆಟ್ಟೈತೇನ್ರಿ?" ಎಂದ. ನಾಲ್ಕು ಜನ ನಕ್ಕರು. ನಾನು ಡ್ರಮ್ ನಿಲ್ಲಿಸಿ ಆಪಾಳ ಹತ್ತಿರ ಹೋದೆ.

"ತಂಗಿ, ಅದು ಎಲ್ಲಿ ಹೋತು?" ಎಂದಳು ಮೆಲ್ಲಗೆ.

"ಯಾವುದು ಆಪಾ?"

"ಗುಂಯ್ ಅಂತಿತ್ತಲ್ಲ. ಅದನ್ನ ಹಿಡಕೊಂಡ ನಾ ಹೇಳ್ತಿದ್ದೆ. ಅದಿಲ್ಲಂದ್ರ ಎಲ್ಲಿಂದ ಶುರು ಮಾಡ್ಲಿ?"

ಒಂದು ವರ್ಷದಿಂದ ಆಕೆ ನನ್ನ ಪೆಟ್ಟಿಗೆಗೆ ಅಲ್ಲ, ಆ ಕೆಟ್ಟ ಅರ್ಥಿಂಗಿನ ಸದ್ದಿಗೆ ದನಿ ಕೂಡಿಸುತ್ತಿದ್ದಳು. ಪೆಟ್ಟಿಗೆಯಲ್ಲೇ ಆ ಸ್ವರ ಹಿಡಿದು ಕೊಡಲು ನೋಡಿದೆ. ಮಧ್ಯಾಹ್ನದ ಬಿಸಿಲಿಗೆ ಕಾದಿದ್ದ ಪೆಟ್ಟಿಗೆ ಒಂದು ಕಡೆ ನಿಲ್ಲದೆ ಜಾರುತ್ತಿತ್ತು. ಅದನ್ನು ಸರಿಹೊಂದಿಸಲು ನನಗೂ ಆ ಗುಂಯ್ ಸದ್ದೇ ಬೇಕಿತ್ತು. ಆಪಾ ಇಲ್ಲ ಇಲ್ಲ ಎಂದು ತಲೆ ಆಡಿಸಿದಳು. ಇಬ್ಬರು ಮುದುಕರು ಎದ್ದು ಪಂಚೆ ಕೊಡವಿಕೊಂಡರು.

ಅರ್ಥಿಂಗ್ ತಂತಿ ನನ್ನ ಕಾಲ ಹತ್ತಿರವೇ ಹಾದಿತ್ತು. ಬಿಚ್ಚಿದರೆ ಸದ್ದು ವಾಪಸ್ ಬರುತ್ತದೆ. ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತ ಹೆಂಗಸು, ಕೈಯಲ್ಲಿ ಲೋಹದ ಮೈಕು. ನನ್ನ ಕೈಯಿಂದ ಆ ಕೆಲಸ ಆಗಲಾರದು, ನನಗೆ ಎಷ್ಟೇ ಸಿಟ್ಟು ಬಂದಿರಲಿ. ಸೀದಾ ಅಪ್ಪನ ಹತ್ತಿರ ಹೋದೆ.

"ಅಪ್ಪಾ, ಆಕಿ ಆ ಲೈನಿನ ಗುಂಯ್ ಹಿಡಕೊಂಡು ಹಾಡ್ತಾಳ. ನೀ ಅರ್ಥಿಂಗ್ ಮಾಡಿದಿ, ಅದು ಹೋತು. ಮುಂದಿನ ವಾರ ಆಕಿ ಗಂಟಲಾ ಕೊಯ್ತಾರ. ಇವತ್ತ ಆಗಬೇಕು."

ಅಪ್ಪ ಎದ್ದು, ಹಾರ ಹಾಕಿದ ಮೋಟಾರುಗಳ ಸಾಲಿನ ಉದ್ದಕ್ಕೂ ನಡೆದು, ಟೆಸ್ಟ್ ಬೆಂಚಿನ ಮುಂದೆ ನಿಂತ. ತಿರುಗುವ ಶಾಫ್ಟಿಗೆ ಸಿಕ್ಕೀತೆಂದು ಮೋಟಾರಿನ ಮೇಲಿನ ಹಾರ ತೆಗೆದ. ಎಲ್ಲಿಡುವುದು ಎಂದು ಆಚೆ ಈಚೆ ನೋಡಿ, ಅದನ್ನು ನನ್ನ ಕೆಂಪು ಹಸಿರು ಪೆಟ್ಟಿಗೆಯ ಮೇಲೆ ಹಾಕಿದ. ಆಮೇಲೆ ಸ್ಟಾರ್ಟರಿನ ಹಸಿರು ಬಟನ್ ಒತ್ತಿದ.

ಲೈನಿನ ಸದ್ದೂ ಮೋಟಾರಿನ ಸದ್ದೂ ಒಂದೇ ಕರೆಂಟಿನ ಮಕ್ಕಳು. ಗುಂಯ್ ಎಂದು ಅದೇ ಸ್ವರ, ಮೊದಲಿಗಿಂತ ಹತ್ತು ಪಟ್ಟು ಜೋರಾಗಿ, ಅಂಗಳದ ತುಂಬ ನಿಂತಿತು. ಖಂಡೇಪೂಜೆಯ ದಿನ ಮೋಟಾರು ತಿರುಗಿದ್ದನ್ನು ಆ ಮಂದಿ ಯಾವತ್ತೂ ಕಂಡಿರಲಿಲ್ಲ. ಎದ್ದವರು ಎದ್ದಲ್ಲೇ ನಿಂತರು. ನಗು ನಿಂತಿತು. ಎಲ್ಲರೂ ತಿರುಗಿ ನೋಡಿದರು, ಮೊದಲು ಮೋಟಾರನ್ನು, ಆಮೇಲೆ ಅದರ ಪಕ್ಕ ನಿಂತ ಆಪಾಳನ್ನು. ನಾನು ಪೆಟ್ಟಿಗೆಯ ಗುಂಡಿ ತಿರುಗಿಸಿ ಮೋಟಾರಿಗೆ ಸರಿಹೊಂದಿಸಿದೆ. ಡ್ರಮ್ ಹಚ್ಚಿದೆ. ಆಪಾ ಶುರು ಮಾಡಿದಳು.

"ಹಳೇ ಕಬ್ಬಿಣ ಕೊಡ್ರಿ. ಹಳೇ ತಗಡು ಕೊಡ್ರಿ. ಸುಟ್ಟ ಮೋಟಾರ್ ಕೊಡ್ರಿ. ಹಳೇ ಸಿಟ್ಟಿದ್ರ ಕೊಡ್ರಿ, ಮನ್ಯಾಗಿಟ್ಟು ತುಕ್ಕು ಹಿಡಸಬ್ಯಾಡ್ರಿ."

ಚಪ್ಪಾಳೆ ಯಾರೂ ಹೊಡೆಯಲಿಲ್ಲ. ಹಾಡು ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಮುದುಕ, ಎದ್ದು ಹೋಗಲು ಪಂಚೆ ಕೊಡವಿದ್ದವನು, ಹತ್ತಿರ ಬಂದು ಆಪಾಳ ಮುಖವನ್ನೇ ನೋಡಿದ.

"ಯವ್ವಾ, ನಮ್ಮ ಓಣಿಗೆ ಉಳ್ಳಾಗಡ್ಡಿ ಗಾಡ್ಯಾಗ ಬರೋ ದನಿ ನಿಂದ ಏನು?"

"ನಂದ ರೀ" ಎಂದಳು ಆಪಾ.

"ನಿಂದ ಏನು" ಎಂದು ಆತ ಮತ್ತೊಮ್ಮೆ ಅಂದು, ಹಿಂದಿನವರಿಗೂ ತಿರುಗಿ ಹೇಳಿದ. ಆಮೇಲೆ ಅವರೆಲ್ಲ ನೋಡಿದರು. ಹೆಂಗಸರು ಹತ್ತಿರ ಬಂದರು, ಒಬ್ಬಾಕೆ ಆಪಾಳ ಕೈ ಮುಟ್ಟಿದಳು. ಹಾಡನ್ನು ಇನ್ನೊಂದು ಸಲ ಹೇಳಿಸಿದರು. ಅಪ್ಪ ಕೊನೆಗೆ ಕೆಂಪು ಬಟನ್ ಒತ್ತಿ, ಮೋಟಾರಿಗೆ ಕೈಮುಗಿದು, ನನ್ನ ಹತ್ತಿರ ಬಂದ. "ಗದ್ದಲಾನ ಐತಿ" ಎಂದ. "ಆದ್ರ ಆ ಹೆಣ್ಮಗಳು ಗಟ್ಟಿ ಅದಾಳ." ಪೆಟ್ಟಿಗೆಯ ಮೇಲಿನ ಹಾರವನ್ನು ವಾಪಸ್ ಕೇಳಲಿಲ್ಲ.

ಆಪರೇಷನ್ ಸುಸೂತ್ರವಾಯಿತು, ಗಂಟು ಕೆಟ್ಟದ್ದಲ್ಲ ಎಂದು ತಿಳಿಯಿತು. ದನಿ ಮಾತ್ರ ಹೋಯಿತು. ಮೊದಲು ಬರೀ ಉಸಿರು, ಆಮೇಲೆ ಒಡಕು, ಎರಡು ತಿಂಗಳ ಹೊತ್ತಿಗೆ ತಗ್ಗಿನ, ಕರಕಲಾದ ಒಂದು ದನಿ ಬಂದು ನಿಂತಿತು. ಇನ್ನು ಇದೇ ಇರಬಹುದು ಎಂದರು ಡಾಕ್ಟರು. ಗಂಡನ ಆಟೋದಲ್ಲೂ ಉಳಿದವರ ಗಾಡಿಗಳಲ್ಲೂ ಆಪಾಳ ಹಳೇ ದನಿ ಇನ್ನೂ ಉಳ್ಳಾಗಡ್ಡಿ ಮಾರುತ್ತಿತ್ತು. ನಮ್ಮ ಓಣಿಗೆ ಅದು ಬಂದಾಗ ನಾನು ಕೆಲಸ ಬಿಟ್ಟು ಒಳಗೆ ಹೋಗುತ್ತಿದ್ದೆ, ಕೇಳಲಾಗುತ್ತಿರಲಿಲ್ಲ.

ಮೂರನೇ ಅಮಾವಾಸ್ಯೆಗೆ ಆಪಾ ಅಂಗಡಿಗೆ ಬಂದಳು. ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದಳು. ಮೋಟಾರು ಹಚ್ಚಿ ಶುರು ಮಾಡಿದೆವು. ದನಿ ಆ ಎತ್ತರಕ್ಕೆ ಹತ್ತಲಿಲ್ಲ. ಮತ್ತೆ ಮಾಡಿದೆವು, ಮತ್ತೆ ಹತ್ತಲಿಲ್ಲ. ನಾಲ್ಕನೇ ಸಲ ಕೆಮ್ಮು ಬಂತು.

"ಆತು ಬಿಡು ತಂಗಿ" ಎಂದಳು. "ಒಂದ್ ಸಲ ಅಂದಿದ್ದೆ. ಒಂದ್ ಸಲ ಆತು."

"ಬಿಡಾಕ ನನಗ ಹುಚ್ಚ ಹಿಡದೈತೇನ್ರಿ?" ಎಂದು ನಾನು ಕಿರುಚಿಯೇಬಿಟ್ಟೆ. ಯಾರ ಮೇಲಿನ ಸಿಟ್ಟೋ, ಕಣ್ಣಲ್ಲಿ ನೀರು.

ಅಪ್ಪ ಒಳಗೆ ಕಾಯಿಲು ಸುತ್ತುತ್ತಿದ್ದ, ರಜೆಯ ದಿನವೂ ಅವನ ಕೈ ಸುಮ್ಮನಿರದು. ಎಣಿಕೆ ನಿಲ್ಲಿಸದೆ, ತಲೆ ಎತ್ತದೆ ಹೇಳಿದ: "ಮೋಟಾರು ಲೈನ್ ಹೇಳಿದಂಗ ಕೇಳತೈತಿ. ಆಕಿನ ಯಾಕ ಹತ್ತು ಅಂತೀ? ಮೋಟಾರಿನ ಸ್ವರಾ ಇಳಿಸು."

ರೈಸ್ ಮಿಲ್ಲಿನ ಒಂದು ಡ್ರೈವ್, ಮೋಟಾರಿನ ವೇಗ ಏರಿಳಿಸುವ ಪೆಟ್ಟಿಗೆ, ರಿಪೇರಿಗೆ ಬಂದು ತಯಾರಾಗಿ ಮೂಲೆಯಲ್ಲಿ ಕೂತಿತ್ತು. ಲೈನಿಗೂ ಮೋಟಾರಿಗೂ ನಡುವೆ ಅದನ್ನು ಹಾಕಿದರೆ ಮೋಟಾರಿಗೆ ಹೋಗುವ ಕರೆಂಟಿನ ಕುಣಿತವನ್ನೇ ಇಳಿಸಬಹುದು, ಕುಣಿತ ಇಳಿದರೆ ಸ್ವರವೂ ಇಳಿಯುತ್ತದೆ. ನನ್ನ ಕಣ್ಣ ಮುಂದೆಯೇ ಇತ್ತು ಅದು. ತಂತಿ ಕೂಡಿಸಿ ಹಚ್ಚಿದೆ. ಡ್ರೈವಿನ ಗಾಜಿನಲ್ಲಿ ಐವತ್ತು ಎಂದು ಕೆಂಪು ಅಂಕಿ ಮೂಡಿತು. ಮೆಲ್ಲಗೆ ಗುಂಡಿ ತಿರುಗಿಸಿದೆ. ನಲವತ್ತೆಂಟು. ಆಪಾ ಕಿವಿ ವಾಲಿಸಿ ಇಲ್ಲ ಎಂದಳು. ನಲವತ್ತೈದು, ಇಲ್ಲ. ಮೋಟಾರಿನ ಗುಂಯ್ ತಗ್ಗುತ್ತಾ ತಗ್ಗುತ್ತಾ ಹೊಟ್ಟೆಯೊಳಗಿನಿಂದ ಬರತೊಡಗಿತು. ನಲವತ್ತಮೂರು. ನಲವತ್ತೊಂದಕ್ಕೆ ಆಪಾ ಕೈ ಎತ್ತಿದಳು.

"ಇಲ್ಲೇ ಇರ್ಲಿ" ಎಂದಳು.

ಕುತ್ತಿಗೆಗೆ ಸುತ್ತಿದ್ದ ಸೆರಗು ಬಿಚ್ಚಿ, ಮೈಕ್ ಹತ್ತಿರ ಎಳೆದುಕೊಂಡಳು. ಅಪ್ಪನ ಎಣಿಕೆ ನಿಂತದ್ದು ನನಗೆ ಕೇಳಿಸಿತು. ಆಪಾ ಆ ಕರಕಲು ದನಿಯಲ್ಲಿ, ಏರಿಲ್ಲದೆ, ಇಳಿವಿಲ್ಲದೆ, ಯಾರನ್ನೂ ಬೇಡದೆ, ಹೊಸ ಸಾಲಿನಿಂದಲೇ ಶುರು ಮಾಡಿದಳು.

"ಹಳೇ ದನಿ ಇದ್ರ ಕೊಡ್ರಿ. ತೂಕಕ್ಕ ತಗೋತೀವಿ."

ನಾನು ಡ್ರಮ್ ಹಚ್ಚಿದೆ.